ಹಸುವಿಗೆ ಹೇಳುತ್ತಿದ್ದ ಮಾತು

"ತಲೆಗೆ ಬಿಸಿನೀರು ಉಯ್ಯಬ್ಯಾಡ ಕಣ್ಲಾ," ಎಂದಳು ಚಿಕ್ಕಬೋರಮ್ಮ. "ಆಗಾಕಿಲ್ಲ ಅವ್ರಿಗೆ."

ಅಂಗಳದಲ್ಲಿ ಹಲಗೆಯ ಮೇಲೆ ಅವಳ ಗಂಡನನ್ನು ಕೂರಿಸಿದ್ದರು. ಎರಡು ಕಂಕುಳಿಗೆ ಇಬ್ಬರು ಕೈಕೊಟ್ಟಿದ್ದರು, ಬೆನ್ನಿಗೆ ಒಬ್ಬ ಆತುಕೊಂಡಿದ್ದ. ಚೆಂಬು ಎತ್ತಿದ್ದ ಮಗ ನಿಂಗರಾಜು ಹಾಗೇ ನಿಂತ.

"ಇನ್ನೇನವ್ವ ಅವ್ನಿಗೆ ಬಿಸಿ, ತಣ್ಣಗೆ?" ಎಂದಳು ಮಾರಮ್ಮ. ಸತ್ತವನ ಅಕ್ಕ ಅವಳು. ಬೆಳಗಿನಿಂದ ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು, ಬೈಯುವುದಕ್ಕೆ ಮಾತ್ರ ಸ್ವಲ್ಪ ಉಳಿದಿತ್ತು. "ಉಯ್ಲಾ ನಿಂಗ, ಹೊತ್ತಾಯ್ತದೆ."

ನಿಂಗರಾಜು ಚೆಂಬು ಕೆಳಗಿಟ್ಟ. ಬೇರೆ ಕೊಡದಿಂದ ತಣ್ಣೀರು ತಂದು ಬೆರೆಸಿ, ಬೆರಳು ಅದ್ದಿ ನೋಡಿ, ಅಪ್ಪನ ತಲೆಯ ಮೇಲೆ ಮೆಲ್ಲಗೆ ಸುರಿದ. ಎಡಗಿವಿಯ ಮೇಲೆ ಕೂದಲು ಬೆಳೆಯದ ಒಂದು ತಗ್ಗು ಇತ್ತು, ಹೆಬ್ಬೆರಳು ಇಟ್ಟರೆ ಕೂರುವಷ್ಟು. ನೀರು ಅಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಕೆನ್ನೆಗೆ ಇಳಿಯಿತು.

ಬೆಳಗಿನ ಜಾವ ಹಾಲು ಕರೆಯಲು ಎದ್ದ ಚಿಕ್ಕಬೋರಮ್ಮನಿಗೆ ಜಗುಲಿಯ ಮೇಲೆ ಅವನು ಸೆಟೆದು ಒದ್ದಾಡುತ್ತಿದ್ದುದು ಕಂಡಿತ್ತು. ಹಿಂದೆಯೂ ಹಲವು ಸಲ ಹಾಗಾಗಿತ್ತು. ಕೈಗೆ ಕಬ್ಬಿಣ ಕೊಟ್ಟು, ಮಗ್ಗುಲಿಗೆ ಹೊರಳಿಸಿ, ನೊರೆ ಒರೆಸಿ ಕಾದರೆ ಸರಿಹೋಗುತ್ತಿತ್ತು. ಈ ಸಲ ಕಾದದ್ದೇ ಆಯಿತು.

ಹೊಸ ಪಂಚೆ ಉಡಿಸಿ, ಹಣೆಗೆ ನಾಮ ಎಳೆದು, ಗೋಡೆಗೆ ಒರಗಿಸಿ ಕೂರಿಸುವಷ್ಟರಲ್ಲಿ ಬೀದಿಯ ತುದಿಯಲ್ಲಿ ಒಂದು ಲೂನಾ ಸದ್ದಾಯಿತು. ಅದರಿಂದ ಇಳಿದವನು ನಾಗರಾಜ, ಶ್ರೀರಂಗಪಟ್ಟಣದ ವಕೀಲರ ಗುಮಾಸ್ತ. ಬೆಳಿಗ್ಗೆ ಪಾಂಡವಪುರದಿಂದ ವಕೀಲರಿಗೆ ಫೋನು ಮಾಡಿದ್ದವನು ಚಿಕ್ಕಬೋರಮ್ಮನ ತಮ್ಮ ಜವರಯ್ಯ. ಈಗ ಅವನೇ ಎದುರು ಹೋಗಿ ಕರೆತಂದ. ನಾಗರಾಜ ಚಪ್ಪಲಿ ಬಿಟ್ಟು, ಹೆಣಕ್ಕೆ ಕೈಮುಗಿದು ಹೇಳಿದ: "ಅಮ್ಮಾ, ಮಣ್ಣು ಮಾಡಬೇಡಿ."

"ಯಾರ್ಲಾ ಇವ್ನು?" ಮಾರಮ್ಮ ಎದ್ದು ನಿಂತಳು. "ಸಾವಿನ ಮನೇಗ್ ಬಂದು ಮಣ್ಣು ಮಾಡ್ಬ್ಯಾಡಿ ಅಂತಾನೆ. ಮನೇಲಿ ಮಡೀಕಳಾದಾ?"

"ಇವತ್ತೇ ಮಾಡಿ. ಮೊದಲು ಪಾಂಡವಪುರದ ಆಸ್ಪತ್ರೆಗೆ ತಗೊಂಡು ಹೋಗಿ ಪೋಸ್ಟ್‌ಮಾರ್ಟಂ ಆಗಬೇಕು. ಲಾಯರ್ ಸಾಹೇಬರು ಹೇಳಿ ಕಳಿಸಿದಾರೆ." ಅವನು ಚಿಕ್ಕಬೋರಮ್ಮನ ಕಡೆ ತಿರುಗಿದ. "ನಮ್ಮ ಲಾರಿ ಪರಿಹಾರದ ಕೇಸು ಇನ್ನೂ ತೀರ್ಮಾನ ಆಗಿಲ್ಲ. ಪೆಟ್ಟು ತಿಂದವರೇ ಹೋದರೆ ಕೇಸೂ ಅವರ ಜೊತೆ ಮುಗಿದ ಹಾಗೆ. ಆ ಪೆಟ್ಟಿನಿಂದಲೇ ಹೋದರು ಅಂತ ಡಾಕ್ಟರು ಬರೆದುಕೊಟ್ಟರೆ ಮಾತ್ರ ಅದು ನಿಲ್ಲುತ್ತೆ. ಮಣ್ಣೊಳಗೆ ಹೋದಮೇಲೆ ಏನು ಮಾಡಕ್ಕೂ ಆಗಲ್ಲ."

"ಕುಯ್ಸಾದಾ?" ಮಾರಮ್ಮನ ದನಿ ಎಲ್ಲಿಂದಲೋ ವಾಪಸು ಬಂತು. "ಕುಯ್ದು ಗೋಣಿಚೀಲ ಹೊಲ್ದಂಗೆ ಹೊಲ್ದು ಕೊಡ್ತಾರೆ. ನಾನೇ ಎತ್ತಾಡಿಸ್ದ ಮಗ ಕಣ್ಲಾ ಅವ್ನು. ತಲೆ ಒಂದ್ಸಲ ಒಡ್ದದ್ದು ಸಾಲ್ದಾ ನಿಮ್ಗೆ?"

"ಮಾರಕ್ಕ, ಐದ್ ವರ್ಸ ಪಟ್ಣಕ್ಕೆ ಅಲೆದಿವ್ನಿ ನಾನು," ಎಂದ ಜವರಯ್ಯ. "ಬಾವನ ಕೈ ಹಿಡ್ಕಂಡು ಬಸ್ ಅತ್ಸಿ ಬಸ್ ಇಳ್ಸಿವ್ನಿ. ಎಲ್ಲಾ ಹೊಳೇಗ್ ಹಾಕ್ಬುಡಾದಾ?"

"ನಿನ್ನ ಚಪ್ಲಿ ಸವೀತು ಅಂತ ನನ್ ತಮ್ಮನ್ನ ಕುಯ್ಸಾಕಾಯ್ತದಾ?"

ಯಾರೋ ನಕ್ಕು, ನಕ್ಕದ್ದಕ್ಕೆ ಕೆಮ್ಮಿದರು. ಹೆಣದ ಮುಂದೆ ಊದಲು ಬಂದಿದ್ದ ದಾಸಯ್ಯ ಶಂಖ ಜಾಗಟೆಗಳನ್ನು ಜಗುಲಿಯ ಮೇಲಿಟ್ಟು ಬೀಡಿ ಹಚ್ಚಿದ. ಎಲ್ಲರೂ ಚಿಕ್ಕಬೋರಮ್ಮನನ್ನು ನೋಡಿದರು. ಅವಳು ಗಂಡನ ಕಾಲುಬೆರಳುಗಳಿಗೆ ಕಟ್ಟಿದ್ದ ದಾರವನ್ನು ಸರಿಮಾಡುತ್ತಿದ್ದಳು. ಕೊಟ್ಟಿಗೆಯಲ್ಲಿ ಹಸು ಅಂಬಾ ಎಂದಿತು. ಬೆಳಗಿನಿಂದ ಅದನ್ನು ಯಾರೂ ವಿಚಾರಿಸಿರಲಿಲ್ಲ. ಅವಳು ಎದ್ದು ಹುಲ್ಲು ಹಾಕಲು ಹೋದಳು.

*

ಚಲುವಯ್ಯ ಹೆಂಡತಿ ಚಿಕ್ಕಬೋರಮ್ಮನೊಡನೆ ಮಾತಾಡುತ್ತಿದ್ದುದು ಹಸುವಿನ ಮೂಲಕ.

ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಅವರ ಮನೆಯಲ್ಲಿ ಇರಲಿಲ್ಲ. ಹೆಂಡತಿ ಗಂಡನ ಹೆಸರು ಹೇಳುವುದಂತೂ ಇರಲೇ ಇಲ್ಲ. ಬೇರೆ ಗಂಡಸರು 'ಏಯ್', 'ಇವಳೇ' ಎಂದಾದರೂ ಕೂಗುತ್ತಿದ್ದರು. ಚಲುವಯ್ಯನಿಗೆ ಅದೂ ಆಗುತ್ತಿರಲಿಲ್ಲ. ಕೊಟ್ಟಿಗೆಗೆ ಹೋಗಿ ಗೌರಿಯ ಕತ್ತು ಕೆರೆಯುತ್ತಾ ಗಟ್ಟಿಯಾಗಿ ಹೇಳುತ್ತಿದ್ದ: "ಏನವ್ವಾ ಗೌರಿ, ಇವತ್ತು ಸಾರ್ಗೆ ಉಪ್ಪೇ ಬಿದ್ದಂಗಿಲ್ಲ."

ಒಲೆಯ ಮುಂದಿನಿಂದ ಉತ್ತರ ಹೋಗುತ್ತಿತ್ತು: "ಉಪ್ಪು ಬೇಕಾದೋರು ಬಾಯ್ಬುಟ್ಟು ಕೇಳ್ಬೇಕು ಕಣೇ ಗೌರಿ."

ಗೌರಿ ಮುದಿಯಾಗಿ ಹೋದಮೇಲೆ ಅದರ ಕರುವಿಗೂ ಗೌರಿ ಎಂದೇ ಹೆಸರಿಟ್ಟ. ಸಂಸಾರದ ಮಾತೆಲ್ಲ ಮಗಳ ಕಿವಿಗೆ ವರ್ಗವಾಯಿತು. ಕೆರೆ ಬಯಲಿನ ಗದ್ದೆಗೆ ಏನು ಹಾಕುವುದು, ಹುಡುಗನನ್ನು ಮುಂದೆ ಓದಿಸುವುದೋ ಬಿಡುವುದೋ, ಎಲ್ಲವೂ ಹಸುವಿನ ಮುಂದೆಯೇ ತೀರ್ಮಾನವಾದವು. ಚಿಕ್ಕಬೋರಮ್ಮನ ಅಪ್ಪ ತೀರಿಕೊಂಡ ವಾರ ಅವಳು ಎರಡು ದಿನ ಅನ್ನ ಮುಟ್ಟಿರಲಿಲ್ಲ. ಸಂಜೆ ಕೊಟ್ಟಿಗೆಯಿಂದ ದನಿ ಕೇಳಿತು, ಯಾವತ್ತಿಗಿಂತ ಮೆಲ್ಲಗೆ: "ಗೌರೀ, ಅವ್ಳು ಉಂಡಿಲ್ಲ ಕಣವ್ವ. ನಾನ್ ಹೇಳುದ್ರೆ ಅತ್ಬುಡ್ತಾಳೆ. ನೀನಾದ್ರೂ ಹೇಳು." ಆ ರಾತ್ರಿ ಅವಳು ಉಂಡಳು.

ಊರ ಮನೆಗಳ ಹಾಲು ಕೂಡಿಸಿ, ಸೈಕಲ್ಲಿನ ಎರಡು ಕಡೆ ಕ್ಯಾನು ತೂಗುಹಾಕಿ, ಬೆಳಿಗ್ಗೆ ಸಂಜೆ ಪಾಂಡವಪುರದ ಹೋಟೆಲುಗಳಿಗೆ ಹಾಕಿಬರುವುದು ಅವನ ಕೆಲಸ. ತೊಂಬತ್ತೆರಡರ ಕಬ್ಬಿನ ಕಾಲದಲ್ಲಿ ಒಂದು ಸಂಜೆ, ಮೇಲುಕೋಟೆ ರಸ್ತೆಯಲ್ಲಿ ಕಬ್ಬಿನ ಲಾರಿಯೊಂದು ಟೈರು ಒಡೆದು ನಿಂತಿತ್ತು. ಡ್ರೈವರು ಜಾಕು ತರಲು ಹೋಗಿದ್ದ. ಹಿಂದೆ ದೀಪವಿಲ್ಲ, ರಸ್ತೆಗೆ ಅಡ್ಡ ಕಲ್ಲಿಟ್ಟಿಲ್ಲ, ಕೆಟ್ಟು ನಿಂತ ಗಾಡಿಗೆ ಎಲ್ಲರೂ ಸಿಕ್ಕಿಸುವ ಸೊಪ್ಪಿನ ಕೊಂಬೆಯೂ ಇಲ್ಲ. ಕತ್ತಲಲ್ಲಿ ಬಂದ ಚಲುವಯ್ಯನ ಸೈಕಲ್ಲು ನೇರವಾಗಿ ಕಬ್ಬಿನ ರಾಶಿಯೊಳಕ್ಕೆ ಹೋಯಿತು.

ಮೈಸೂರಿನ ಆಸ್ಪತ್ರೆಯಿಂದ ಅವನು ಹಿಂತಿರುಗಿದ್ದು ಸುಗ್ಗಿ ಮುಗಿದ ಮೇಲೆ. ನೋಡಲು ಬೀದಿಯೇ ಸೇರಿತ್ತು. ಅವನು ಎಲ್ಲರನ್ನೂ ದಾಟಿ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿ, ಮುಖವೆಲ್ಲ ಅರಳಿಸಿ ಕೂಗಿದ: "ಬೋರೀ!"

ಚಿಕ್ಕಬೋರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಕ್ಕೆ ಓಡಿದಳು. ಹೆಂಗಸರು ಬಿದ್ದುಬಿದ್ದು ನಕ್ಕರು. ಅಂದಿನಿಂದ ಬೆಳಗ್ಗೆ ಎದ್ದರೆ ಅದೇ. ಬೋರೀ, ಸಾರು ಸೆಂದಾಗದೆ. ಬೋರೀ, ಇಲ್ ಬಾ, ಬಿಸ್ಲಿಗೆ ಕುಂತ್ಕೊ. ಬೋರೀ, ನೀನ್ ಉಂಡ್ಯಾ?

ಆದರೆ ಹಾಲು ಒಡೆದರೆ ಅವನ ಮೂಗಿಗೆ ತಿಳಿಯುತ್ತಿರಲಿಲ್ಲ. ಒಂದು ಹೋಟೆಲಿನ ಹಾಲನ್ನು ಇನ್ನೊಂದಕ್ಕೆ ಹಾಕಿ, ಮೂರನೆಯದರ ಮುಂದೆ ನಿಂತು ಯಾಕೆ ಬಂದೆನೆಂದು ಯೋಚಿಸುತ್ತಿದ್ದ. ಒಂದು ದಿನ ಹೊರಟವನು ಪಾಂಡವಪುರಕ್ಕೆ ಬೆನ್ನು ಹಾಕಿ ಮೇಲುಕೋಟೆ ಬೆಟ್ಟದ ಬುಡ ಮುಟ್ಟಿದ್ದ. ಕಂಡಕ್ಟರು ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿ, ಅವನನ್ನು ಒಳಗೆ ಕೂರಿಸಿ, ಟಿಕೆಟ್ಟಿಲ್ಲದೆ ಕಳಿಸಿಕೊಟ್ಟ. ಆಮೇಲೆ ಸೆಟೆದು ಬೀಳುವುದು ಶುರುವಾಯಿತು. ಸೈಕಲ್ಲನ್ನು ಅಟ್ಟಕ್ಕೆ ಏರಿಸಿದರು. ಹತ್ತನೆಯ ತರಗತಿಯಲ್ಲಿದ್ದ ನಿಂಗರಾಜು ಪರೀಕ್ಷೆ ಬಿಟ್ಟು ಕಂಡವರ ಟ್ರಾಕ್ಟರಿನ ಮೇಲೆ ಕೂತ.

ಕೊಟ್ಟಿಗೆಗಂತೂ ಅವನು ಹೋಗಲೇ ಇಲ್ಲ. ಗೌರಿ ಅವನ ಸದ್ದಿಗೆ ಕಿವಿ ತಿರುಗಿಸಿ ನಿಲ್ಲುತ್ತಿತ್ತು. ಒಂದು ಸಂಜೆ ಅದನ್ನು ನೋಡಿ ಕೇಳಿದ: "ಯಾರ್ ಮನೇ ಹಸ ಬೋರೀ ಇದು? ಕಟ್ಕೊಂಡ್ ಹೋಗಾಕ್ ಹೇಳು, ಪಾಪ."

*

ಹುಲ್ಲು ಹಾಕಿ ಬಂದ ಚಿಕ್ಕಬೋರಮ್ಮ ಕೈ ಒರೆಸಿಕೊಳ್ಳುತ್ತಾ ನಾಗರಾಜನ ಎದುರು ನಿಂತಳು.

"ಕುಯ್ದ್ರೆ ಒಳಗಿನ ಪೆಟ್ಟು ಕಾಣ್ತದೇನಪ್ಪ?"

"ಕಾಣುತ್ತಮ್ಮ. ಹಳೇದಾದರೂ ಗುರುತು ಹೋಗಲ್ಲ."

"ಡಾಕ್ಟ್ರು ಬರೆದ್ದನ್ನ ಆವಯ್ಯನೂ ಓದ್ಬೇಕಾಯ್ತದಾ? ಆ ಕಡೆ ಲಾಯರು?"

"ಓದದೆ ಇರಕ್ಕಾಗುತ್ತಾ? ಅವರ ಕೈಗೇ ಒಂದು ಪ್ರತಿ ಹೋಗುತ್ತೆ."

ಅವಳು ತಲೆಯಾಡಿಸಿದಳು. ನಾಗರಾಜನಿಗೆ ಅವಳು ಕೇಳುತ್ತಿರುವುದು ಏನೆಂದು ಗೊತ್ತಾಯಿತು. ಅವತ್ತು ಕೋರ್ಟಿನಲ್ಲಿ ಅವನೂ ಇದ್ದ.

*

ಹೋದ ವರ್ಷ ಅವಳ ಸಾಕ್ಷಿ ಇತ್ತು. ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಚಲುವಯ್ಯನಿಗೆ ಕಿಟಕಿ ಪಕ್ಕದ ಸೀಟು. ಕರಿಘಟ್ಟದ ಗುಡಿ ಕಂಡಾಗ ಕೈಮುಗಿದು ಕೇಳಿದ, "ಬೋರೀ, ಅಷ್ಟೆತ್ತರದ್ ದೇವ್ರಿಗೆ ಹಾಲು ಯಾರು ಹಾಕ್ತಾರೆ?" ಬಸ್ಸಿನಲ್ಲಿದ್ದವರು ತಿರುಗಿ ನೋಡಿದರು. ಅವಳು ಅವನ ಕೈಗೆ ಬಾಳೆಹಣ್ಣು ಕೊಟ್ಟಳು.

ವಕೀಲರು ಮುಂಚೆಯೇ ಹೇಳಿಕೊಟ್ಟಿದ್ದರು. ಹುಚ್ಚರ ಹಾಗೆ ಆಡ್ತಾರೆ ಅನ್ನಬೇಕು, ನನ್ನ ಬದುಕು ಹಾಳಾಯ್ತು ಅನ್ನಬೇಕು. ಜವರಯ್ಯ ಬಸ್ಸಿನಲ್ಲೂ ಅದನ್ನೇ ಒಪ್ಪಿಸಿಕೊಂಡಿದ್ದ. "ಇರೋದೇ ಅಲ್ವಾ ಅಕ್ಕ, ಸುಳ್ಳೇನ್ ಹೇಳ್ತಿಲ್ವಲ್ಲ."

ಕಟಕಟೆಯಲ್ಲಿ ದೇವರ ಮೇಲೆ ಪ್ರಮಾಣ ಮಾಡಿಸಿದರು. ಗಂಡನ ಹೆಸರು ಕೇಳಿದರು. ಅವಳು ಸೆರಗು ಬಾಯಿಗೆ ತಂದುಕೊಂಡಳು.

"ಹೆಸರು ಹೇಳಮ್ಮ."

"ಮೇಲ್ಕೋಟೆ ಬೆಟ್ಟದ ಮ್ಯಾಲವ್ನಲ್ಲ ಸ್ವಾಮಿ, ಅವಪ್ಪನ ಹೆಸ್ರು."

"ನರಸಿಂಹನಾ?"

"ಅಷ್ಟು ಮ್ಯಾಲಲ್ಲ. ಕೆಳಗವ್ನಲ್ಲ."

ಜಡ್ಜು ಕೂಡ ನಕ್ಕರು. ಹಿಂದಿನ ಬೆಂಚಿನಿಂದ ಚಲುವಯ್ಯ, ಹೆಂಡತಿ ಕಷ್ಟದಲ್ಲಿದ್ದಾಳೆ ಎಂದಷ್ಟೇ ತಿಳಿದು, "ಬೋರೀ, ನಾನಿಲ್ಲಿವ್ನಿ ಕಣೇ!" ಎಂದು ಕೂಗಿದ. ಜವಾನ ಬಂದು ಸುಮ್ಮನಿರಿಸಿದ. ಹೆಸರನ್ನು ಜವರಯ್ಯ ಹೇಳಿದ.

ಲಾರಿಯ ಇನ್ಶೂರೆನ್ಸಿನ ಕಡೆಯ ವಕೀಲರು ವಯಸ್ಸಾದವರು, ಮೆತ್ತಗಿನ ಮಾತು. "ಏನಮ್ಮ, ನಿಮ್ಮ ಯಜಮಾನರು ಮೊದಲಿಗೂ ಈಗಲೂ ಏನು ವ್ಯತ್ಯಾಸ?"

ಚಿಕ್ಕಬೋರಮ್ಮ ಬೆಂಚಿನ ಕಡೆ ನೋಡಿದಳು. ಅವನು ಸುಲಿದ ಹಣ್ಣನ್ನು ಅರ್ಧ ತಿಂದು, ಉಳಿದರ್ಧವನ್ನು ಅವಳಿಗೆಂದು ಹಿಡಿದುಕೊಂಡು ಕೂತಿದ್ದ. ಹೇಳಿಕೊಟ್ಟಿದ್ದ ಮಾತು ಬಾಯಿಗೆ ಬರಲಿಲ್ಲ.

"ಮೊದ್ಲು ಹಸೂನ ಮಾತಾಡಿಸ್ತಿದ್ರು," ಎಂದಳು. "ಈಗ ನನ್ನ ಮಾತಾಡಿಸ್ತಾರೆ."

"ಅಂದರೆ ಈಗ ನಿಮ್ಮನ್ನ ಚೆನ್ನಾಗಿ ನೋಡಿಕೊಳ್ತಾರೆ?"

"ಊ ಕಣಪ್ಪ. ಸೆಂದಾಗ್ ನೋಡ್ಕತಾರೆ."

"ಮೊದಲಿಗಿಂತಲೂ?"

ಪ್ರಮಾಣ ಮಾಡಿದ್ದಳು. ಅವನು ನೋಡುತ್ತಿದ್ದ. "ಮೊದ್ಲಿಗಿಂತ್ಲೂ."

ವಕೀಲರು ಕೂತುಬಿಟ್ಟರು. ಜಡ್ಜು ಅದನ್ನು ಇಂಗ್ಲಿಷಿನಲ್ಲಿ ಹೇಳಿ ಟೈಪು ಮಾಡಿಸಿದರು. ಆಮೇಲಿನ ವಾದದ ದಿನ ಅದೇ ಹಾಳೆ ಎತ್ತಿ ತೋರಿಸಿ ಆ ವಕೀಲರು ಕನ್ನಡದಲ್ಲೇ ಹೇಳಿದರು: ಹೆಂಡತಿಯೇ ಒಪ್ಪಿದ್ದಾಳೆ, ಗಂಡ ಮೊದಲಿಗಿಂತ ಚೆನ್ನಾಗಿದ್ದಾನೆ. ಉಳಿದದ್ದು ಪರಿಹಾರಕ್ಕಾಗಿ ಮಾಡುತ್ತಿರುವ ನಟನೆ.

ವಾಪಸು ಬರುವಾಗ ಬಸ್ಸಿನಲ್ಲಿ ಜವರಯ್ಯ ದಾರಿಯುದ್ದಕ್ಕೂ ಬೈದ. "ಒಂದ್ ಮಾತು ಕಣಕ್ಕ. ಒಂದ್ ಮಾತಿಗೆ ಬಾಯಿ ಬರ್ನಿಲ್ವಾ ನಿನ್ಗೆ?"

"ಅವ್ರ ಎದುರ್ಗೆ ಅವ್ರನ್ನ ಹುಚ್ಚ ಅನ್ನಾದೆಂಗ್ಲಾ?"

"ಬಾವಂಗೆ ತಿಳೀತಿರ್ನಿಲ್ಲ."

"ನಂಗ್ ತಿಳೀತಿತ್ತಲ್ಲ."

ನಟನೆ ಎಂಬ ಮಾತು ಮಾತ್ರ ಅವಳೊಳಗೆ ಮುಳ್ಳಿನ ಹಾಗೆ ಉಳಿಯಿತು. ಸೆಟೆದುಕೊಂಡವನ ಹಲ್ಲುಗಳ ನಡುವೆ ಬಟ್ಟೆ ತುರುಕುವಾಗಲೆಲ್ಲ ಅದು ಚುಚ್ಚುತ್ತಿತ್ತು. ಗಂಡನಿಗೆ ಆ ಹೆಸರು ಬರಲು ತನ್ನ ಬಾಯಿಯೇ ದಾರಿ ಮಾಡಿಕೊಟ್ಟಿತಲ್ಲ.

*

"ನಿಂಗ," ಎಂದಳು ಚಿಕ್ಕಬೋರಮ್ಮ, "ಟ್ರಾಕ್ಟ್ರು ತತ್ತಾ. ಟ್ರೇಲ್ರಿಗೆ ಹುಲ್ಲು ಹಾಸು, ಮಂದಕ್ಕೆ."

"ಬೋರವ್ವ!" ಮಾರಮ್ಮ ಅವಳ ತೋಳು ಹಿಡಿದಳು. "ಪರಿಹಾರದ್ ಆಸೆಗೆ ಗಂಡನ್ನ ಕುಯ್ಸುದ್ಲು ಅಂತ ಮಾತಾಡ್ತಾರೆ ಕಣೇ ಊರೋರು."

"ಮಾತಾಡ್ಲಿ ಬುಡಿ ಅತ್ಗೆಮ್ಮ. ನಿಮ್ ತಮ್ಮ ಐದ್ ವರ್ಸ ನಾಟ್ಕದ ಯಾಸ ಹಾಕಿದ್ರು ಅಂತ ಬರೆದ್ಮಡಗವ್ರೆ ಕೋರ್ಟಲ್ಲಿ. ಅಂಗೇ ಮಣ್ಣು ಮಾಡಾದಾ?"

ಮಾರಮ್ಮ ತೋಳು ಬಿಟ್ಟಳು. ಟ್ರಾಕ್ಟರು ಬಂದು, ಹೆಣ ಏರಿಸಿ, ಎಲ್ಲರೂ ಹತ್ತಿದ ಮೇಲೆ ಅವಳೂ ಚಕ್ರದ ಮೇಲೆ ಕಾಲಿಟ್ಟು, ನಾಲ್ಕು ಜನರಿಂದ ಎತ್ತಿಸಿಕೊಂಡು, ಬೈಯುತ್ತಲೇ ಒಳಗೆ ಬಂದಳು. "ಸರೀರ್ಲಾ ಅತ್ಲಾಗೆ. ಅವ್ನ್ ತಲೆ ನನ್ ತೊಡೆ ಮ್ಯಾಲ್ ಮಡಗಿ. ಗುಂಡಿ ರೋಡಲ್ಲಿ ಎತ್ತಾಕ್ತಾ ಹೋಯ್ತಾನೆ ಈ ಹೈದ."

ಆಸ್ಪತ್ರೆಯ ಹಿಂದಿನ ಹುಣಸೆಮರದ ಕೆಳಗೆ ಸ್ಟೇಷನ್ನಿನ ದಫೇದಾರ ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು ಕೂತ. "ತೀರಿಕೊಂಡೋರ ಹೆಸ್ರು?"

ಜವರಯ್ಯ ಬಾಯಿ ತೆರೆದ. ಚಿಕ್ಕಬೋರಮ್ಮ ಅವನ ತೋಳು ಮುಟ್ಟಿ ತಡೆದಳು.

"ಚಲುವಯ್ಯ," ಎಂದಳು.

ಮೊದಲ ಸಲಕ್ಕೆ ದನಿ ಹೊರಡಲಿಲ್ಲ. ದಫೇದಾರ ತಲೆ ಎತ್ತಿದ. ಅವಳು ಇನ್ನೊಂದು ಸಲ ಹೇಳಿದಳು, ಹೊಲದ ಆಚೆ ಇರುವವನನ್ನು ಕರೆಯುವ ಹಾಗೆ: "ಚಲುವಯ್ಯ!" ಮಾರಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಏನಾಗಿತ್ತು?"

"ತಲೆಗೆ ಪೆಟ್ಟು ಬಿದ್ದಿತ್ತು. ಆಮ್ಯಾಕೆ ಹಸೂನ ಮರ್ತ್ರು."

"ಏನು?"

"ನಮ್ಮನೇ ಹಸೂನ. ಅದರವ್ವನ ಕಾಲ್ದಿಂದ ಅದರ್ ಕುಟ್ಟೇ ಮಾತಾಡ್ತಿದ್ರು. ಪೆಟ್ ಬಿದ್ಮೇಲೆ ಯಾರ್ ಮನೇದು ಅಂದ್ರು. ಕೋರ್ಟಲ್ಲಿ ಇದ್ನ ನಾನ್ ಹೇಳ್ನಿಲ್ಲ. ಕೇಳ್ದಷ್ಟೇ ಹೇಳ್ದೆ." ಅವಳ ದನಿ ಒಂದೇ ಸಮ ಇತ್ತು. "ನನ್ ಕುಟ್ಟೆ ಸೆಂದಾಗಿದ್ರು. ಆದ್ರೆ ಮೊದ್ಲಿದ್ದೋರು ಮನೇಗ್ ಬರ್ನಿಲ್ಲ."

ದಫೇದಾರ ಪೆನ್ನಿನ ತುದಿಯನ್ನು ಕಿವಿಯ ಹಿಂದೆ ಆಡಿಸಿದ. "ನೆನಪು ಹೋಗಿತ್ತು ಅಂತ ಬರ್ಕೊಳ್ಳಲಾಮ್ಮ?"

"ಬರ್ಕೊಳ್ಳಪ್ಪ."

ಡಾಕ್ಟರು ಹೊರಗೆ ಬರುವ ಹೊತ್ತಿಗೆ ಬಿಸಿಲು ಮರದ ತುದಿಗೆ ಹೋಗಿತ್ತು. ಚಿಕ್ಕ ವಯಸ್ಸಿನವರು, ಕೈ ತೊಳೆದ ನೀರು ಇನ್ನೂ ಒಣಗಿರಲಿಲ್ಲ. "ಒಳಗೆ ಹಳೇ ಪೆಟ್ಟು ಚೆನ್ನಾಗಿ ಕಾಣ್ತಿದೆ," ಎಂದರು ಜವರಯ್ಯನಿಗೆ. "ಫಿಟ್ಸು ಬಂದಿದ್ದು ಅದರಿಂದಲೇ. ಹಾಗೇ ಬರೆದಿದೀನಿ."

"ನಟನೆ ಅಲ್ಲ, ಅಲ್ವಾ ಸ್ವಾಮಿ?" ಎಂದಳು ಚಿಕ್ಕಬೋರಮ್ಮ.

"ಯಾವುದಮ್ಮ?"

"ಏನಿಲ್ಲ ಬುಡಿ."

ಒಳಗಿನಿಂದ ಬಂದ ಹೆಣದ ತಲೆಗೆ ಬಿಳಿಬಟ್ಟೆ ಸುತ್ತಿದ್ದರು. ಹಾಲಿನ ಕ್ಯಾನು ಕಟ್ಟುವ ಹೊತ್ತಿನಲ್ಲಿ ಚಲುವಯ್ಯ ಸುತ್ತಿಕೊಳ್ಳುತ್ತಿದ್ದ ಟವೆಲಿನ ಹಾಗೇ ಇತ್ತು. "ನೋಡ್ಲಾ, ಹಾಲಿಗ್ ಹೊಂಟೋನಂಗೆ ಕಾಣ್ತಾನೆ," ಎಂದ ಮಾರಮ್ಮ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಅತ್ತಳು. ಬೆಳಗಿನಿಂದ ಅತ್ತದ್ದಕ್ಕಿಂತ ಅದು ಬೇರೆಯಾಗಿತ್ತು.

ಮೇಲುಕೋಟೆ ರಸ್ತೆಗೆ ತಿರುಗುವಲ್ಲಿ ಚಿಕ್ಕಬೋರಮ್ಮ ಟ್ರೇಲರಿನ ಹಲಗೆ ಬಡಿದಳು. "ನಿಂಗ, ನಿಲ್ಸು. ಹಿಂದ್ಕೆ ದೀಪ ಅದಾ?"

"ಟ್ರೇಲ್ರಿಗೆ ಯಾವತ್ತವ್ವ ದೀಪ ಇದ್ದದ್ದು?"

"ಅಂಗಡೀಲಿ ಒಂದ್ ಲಾಂದ್ರ ಇಸ್ಕೊಂಡ್ ಬಾ. ಬೆಳಿಗ್ಗೆ ಕೊಡ್ತೀವಿ ಅನ್ನು."

"ಹೊತ್ತು ಮುಳುಗ್ತಾ ಅದೆ ಅಕ್ಕ," ಎಂದ ಜವರಯ್ಯ. "ಗುಂಡಿ ತೋಡ್ಕಂಡು ಕಾಯ್ತಾವ್ರೆ."

"ಕಾಯ್ಲಿ. ಹೋಗ್ಲಾ ನಿಂಗ."

ನಿಂಗರಾಜು ಟೀ ಅಂಗಡಿಯಿಂದ ಲಾಂದ್ರ ತಂದ. ರಸ್ತೆ ಬದಿಯ ಹೊಂಗೆಯಿಂದ ಒಂದು ಕೊಂಬೆಯನ್ನೂ ಮುರಿದು ಟ್ರೇಲರಿನ ಹಿಂಬದಿಗೆ ಸಿಕ್ಕಿಸಿದ. ಅದನ್ನು ಅವಳು ಹೇಳಿರಲಿಲ್ಲ. ಲಾಂದ್ರ ಕಟ್ಟಲು ಹಗ್ಗ ಸಿಕ್ಕಲಿಲ್ಲ. ಚಿಕ್ಕಬೋರಮ್ಮ ಹಿಂದಿನ ಅಂಚಿಗೆ ಸರಿದು, ಬಂದ ದಾರಿಗೆ ಮುಖ ಮಾಡಿ, ಅದನ್ನು ತಾನೇ ಹಿಡಿದು ಕೂತಳು. ಗಂಡನ ಪಾದಗಳು ಅವಳ ಬೆನ್ನಿಗೆ ತಾಗುತ್ತಿದ್ದವು.

ಕಬ್ಬಿನ ಗದ್ದೆಗಳ ನಡುವೆ ಕತ್ತಲು ಬೇಗ ಇಳಿಯಿತು. ಅರ್ಧ ದಾರಿ ಕಳೆದಿರಬೇಕು, ಹಿಂದಿನಿಂದ ಸೈಕಲ್ಲೊಂದು ರಭಸದಲ್ಲಿ ಬಂತು. ಹೋಟೆಲುಗಳಿಗೆ ಸಂಜೆಯ ಹಾಲು ಹಾಕಿ ಊರಿಗೆ ಮರಳುವವನು. ದೂರದಲ್ಲೇ ಬೆಳಕು ಕಂಡು ಬ್ರೇಕು ಹಿಡಿದ, ಒಂದು ಕಾಲು ನೆಲಕ್ಕೆ ಕೊಟ್ಟ. ಕೊಂಬೆ, ಲಾಂದ್ರ, ಅದರ ಹಿಂದಿನ ಬಿಳಿಬಟ್ಟೆ ಎಲ್ಲವನ್ನೂ ನೋಡಿದ. ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

ಆಮೇಲೆ ಅವನು ಮುಂದೆ ಹೋಗಲಿಲ್ಲ. ಲಾಂದ್ರದ ಬೆಳಕು ತನ್ನ ಮುಂದಿನ ಚಕ್ರವನ್ನು ಮುಟ್ಟುವಷ್ಟು ದೂರದಲ್ಲಿ, ಮೆಲ್ಲಗೆ ತುಳಿಯುತ್ತಾ, ಖಾಲಿ ಕ್ಯಾನುಗಳ ಸದ್ದು ಮಾಡಿಕೊಂಡು, ಊರ ತಿರುವಿನವರೆಗೂ ಅವಳ ಎದುರಿಗೇ ಬಂದ.